ಬಳಸಿದ ಇನ್ಸುಲಿನ್ ಸೂಜಿ ಎಲ್ಲಿಗೆ ಹೋಗುತ್ತದೆ?

ನಿಮ್ಮ ಮನೆಯಲ್ಲಿ ಒಬ್ಬರು ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಪ್ರತಿ ಸಲವೂ ಹೊಸ ಸೂಜಿ ಬಳಸಿದರೆ ತಿಂಗಳಿಗೆ 60, ವರ್ಷಕ್ಕೆ 730 ಸೂಜಿಗಳಾಗುತ್ತವೆ. ಸಕ್ಕರೆ ಪರೀಕ್ಷೆಗೆ ಬೆರಳಿಗೆ ಚುಚ್ಚುವ ಲ್ಯಾನ್ಸೆಟ್‌ಗಳ ಲೆಕ್ಕ ಬೇರೆ. ಬಳಸಿದ ಮೇಲೆ ಇವನ್ನೆಲ್ಲ ಏನು ಮಾಡುತ್ತೀರಿ?

ದವಾಖಾನೆಗೆ ಬರುವ ಸಕ್ಕರೆ ಕಾಯಿಲೆಯವರನ್ನು ನಾನು ಈ ಪ್ರಶ್ನೆ ಕೇಳುತ್ತಿರುತ್ತೇನೆ. ಯುನಾನಿ ವೈದ್ಯರು ಇನ್ಸುಲಿನ್ ಬಗ್ಗೆ ಕೇಳುತ್ತಾರಲ್ಲ ಎಂದು ಕೆಲವರಿಗೆ ಆಶ್ಚರ್ಯ. ಇನ್ಸುಲಿನ್ ಬೇಕಾದವರಿಗೆ ಇನ್ಸುಲಿನ್ ಬೇಕೇ ಬೇಕು, ನಮ್ಮ ಚೂರ್ಣ ಕಷಾಯಗಳನ್ನು ನೆಚ್ಚಿಕೊಂಡು ಅದನ್ನು ನಿಲ್ಲಿಸಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಸೂಜಿಯ ವಿಷಯಕ್ಕೆ ಬಂದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಹಾಲಿನ ಪಾಕೀಟಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕುತ್ತೇವೆ. ಮೋರಿಗೆ ಎಸೆಯುತ್ತೇವೆ. ಸಂಡಾಸಿಗೆ ಹಾಕಿ ನೀರು ಬಿಡುತ್ತೇವೆ. ಹಳ್ಳಿಯವರಾದರೆ ತಿಪ್ಪೆಗೆ ಹಾಕುತ್ತೇವೆ ಅನ್ನುತ್ತಾರೆ.

ಈಗ ಅದೇ ಹಾಲಿನ ಪಾಕೀಟಿನ ಹಿಂದೆ ಹೋಗೋಣ. ಬೆಳಿಗ್ಗೆ ಗಾಡಿ ಬರುತ್ತದೆ. ಪೌರಕಾರ್ಮಿಕರು ನಿಮ್ಮ ಬುಟ್ಟಿಯನ್ನು ಎತ್ತಿ ಸುರಿದು, ಕೈಯಿಂದಲೇ ಹಸಿ ಒಣ ಬೇರೆ ಮಾಡುತ್ತಾರೆ. ಕೈಗವಸು ಇದ್ದರೂ ಸೂಜಿಗೆ ಅದು ಕಾಗದವಿದ್ದಂತೆ. ಗಾಡಿಗೆ ಹೋಗದೆ ಓಣಿಯ ಮೂಲೆಯಲ್ಲಿ ಬಿದ್ದ ಕಸವನ್ನು ಗುಜರಿ ಆಯುವವರು ಕೆದಕುತ್ತಾರೆ. ಅವರಲ್ಲಿ ನಮ್ಮದೇ ಮೊಹಲ್ಲಾದ ಬಡ ಹೆಣ್ಣುಮಕ್ಕಳಿದ್ದಾರೆ, ಶಾಲೆ ಬಿಟ್ಟ ಹುಡುಗರಿದ್ದಾರೆ. ಪ್ಲಾಸ್ಟಿಕ್ ಸಿರಿಂಜ್ ಅವರ ಕಣ್ಣಿಗೆ ಮಾರಾಟದ ಸರಕು. ಚಿಕ್ಕ ಮಕ್ಕಳಿಗಂತೂ ಅದು ಆಟದ ಪಿಚಕಾರಿ.

ಚುಚ್ಚಿದರೆ ಏನಾಗುತ್ತದೆ? ಸೂಜಿಯಲ್ಲಿ ಸೋಂಕಿತರ ರಕ್ತ ಉಳಿದಿದ್ದರೆ ಮುಖ್ಯವಾಗಿ ಮೂರು ರೋಗಗಳ ಭಯ: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ. ಆಸ್ಪತ್ರೆ ಸಿಬ್ಬಂದಿಯ ಅಧ್ಯಯನಗಳಿಂದ ಸಿಕ್ಕ ಲೆಕ್ಕ ಹೀಗಿದೆ. ಸೋಂಕಿತರಿಗೆ ಬಳಸಿದ ಸೂಜಿ ಲಸಿಕೆ ಇಲ್ಲದ 100 ಜನರಿಗೆ ಚುಚ್ಚಿದರೆ 6ರಿಂದ 30 ಮಂದಿಗೆ ಹೆಪಟೈಟಿಸ್ ಬಿ, ಸುಮಾರು ಇಬ್ಬರಿಗೆ ಹೆಪಟೈಟಿಸ್ ಸಿ ಬರಬಹುದು. ಎಚ್‌ಐವಿ ಆದರೆ 1000ಕ್ಕೆ ಸುಮಾರು 3 ಮಂದಿಗೆ. ಇನ್ಸುಲಿನ್ ಸೂಜಿ ಬಹಳ ತೆಳು, ಅದರಲ್ಲಿ ಉಳಿಯುವ ರಕ್ತವೂ ಅತ್ಯಲ್ಪ, ಆದ್ದರಿಂದ ಅಪಾಯ ಇದಕ್ಕಿಂತ ಕಡಿಮೆಯೇ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತವಾಗಿರುತ್ತದೆ. ಈಗಿನ ಶಿಶುಗಳಿಗೆ ಹುಟ್ಟಿದಾಗಲೇ ಇದರ ಲಸಿಕೆ ಕೊಡುತ್ತಾರೆ, ಕಸ ಆಯುವ ನಲವತ್ತರ ಹೆಂಗಸಿಗೆ ಯಾರು ಕೊಟ್ಟಿದ್ದಾರೆ?

ಗುಜರಿಗೆ ಹೋದ ಸಿರಿಂಜ್ ತೊಳೆದು ಮತ್ತೆ ಮಾರುಕಟ್ಟೆಗೆ ಬರುವುದು ಕಟ್ಟುಕಥೆಯಲ್ಲ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದಲ್ಲಿ ಹೆಪಟೈಟಿಸ್ ಬಿ ಹರಡಿ ಅನೇಕರು ತೀರಿಕೊಂಡರು. ಬಳಸಿದ ಸಿರಿಂಜ್‌ಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣವೆಂದು ಕಂಡುಬಂತು. ಆಸ್ಪತ್ರೆಯ ತ್ಯಾಜ್ಯ ಗುಜರಿ ಅಂಗಡಿಗಳಿಗೆ ಹೋಗುತ್ತಿದ್ದ ವಿಷಯವೂ ಆಗ ಹೊರಬಿತ್ತು.

ಇನ್ನು ಬೆಕ್ಕಿನ ವಿಷಯ. ನಮ್ಮ ಮನೆಗಳಲ್ಲಿ ಬೆಕ್ಕು ಸಾಕುವುದು ಹೊಸತಲ್ಲ. ಈಗ ದುಡ್ಡು ಕೊಟ್ಟು ಪರ್ಷಿಯನ್ ಬೆಕ್ಕು ತಂದು, ಮನೆಯೊಳಗೇ ಇಟ್ಟು, ಹೊಟ್ಟೆ ಬಿರಿಯುವಷ್ಟು ತಿನ್ನಿಸುತ್ತೇವೆ. ವಯಸ್ಸಾದ, ದಪ್ಪಗಾದ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ, ಅದಕ್ಕೂ ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕಾಗುತ್ತದೆ. ನಾಯಿಗಳಿಗೂ ಹೀಗೆಯೇ. ಅಷ್ಟಕ್ಕೂ 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಗುಣವನ್ನು ಮೊದಲು ಕಂಡದ್ದೇ ನಾಯಿಗಳ ಮೇಲೆ. ಬೆಕ್ಕಿನ ಸೂಜಿ ತಾನೇ, ಅದರಿಂದ ಎಚ್‌ಐವಿ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಎಚ್‌ಐವಿಯಾಗಲಿ ಹೆಪಟೈಟಿಸ್ ಬಿ ಆಗಲಿ ಬೆಕ್ಕಿನಿಂದ ಬರುವುದಿಲ್ಲ. ಆದರೆ ಕಸದಲ್ಲಿ ಅದು ಚುಚ್ಚಿದ ವ್ಯಕ್ತಿಗೆ ಅದು ಬೆಕ್ಕಿನದ್ದು ಎಂದು ಹೇಳುವವರು ಯಾರು? ಅವರು ಆಸ್ಪತ್ರೆಗೆ ಓಡಬೇಕು, ರಕ್ತಪರೀಕ್ಷೆ ಮಾಡಿಸಬೇಕು, ಮಾತ್ರೆ ನುಂಗಬೇಕು, ತಿಂಗಳುಗಟ್ಟಲೆ ಹೆದರಿಕೆಯಲ್ಲಿ ಕಳೆಯಬೇಕು. ಗಾಯ ಕೀವುಗಟ್ಟುವ ಅಪಾಯ ಹೇಗೂ ಇದ್ದೇ ಇದೆ.

ಬೆಕ್ಕಿನ ಸಿರಿಂಜ್ ಮತ್ತು ಅಜ್ಜಿಯ ಸಿರಿಂಜ್ ಒಂದೇ ಕಪಾಟಿನಲ್ಲಿ ಇಡಬೇಡಿ. ಕೆಂಪು ಮುಚ್ಚಳದ ಸಿರಿಂಜ್ 40 ಯೂನಿಟ್ ಬಲದ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಬಲದ್ದಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿಗೆ ತುಂಬಿದರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಪ್ರಾಣಕ್ಕೇ ಕುತ್ತು. ಪ್ರಾಣಿಗಳಿಗೆಂದೇ ತಯಾರಾಗುವ ಕೆಲವು ಇನ್ಸುಲಿನ್ ಹಂದಿಯ ಮೂಲದ್ದು ಎಂಬುದೂ ತಿಳಿದಿರಲಿ. ಅದರ ಬಳಕೆಯ ಮಸ್ಅಲಾವನ್ನು ಆಲಿಮರಲ್ಲಿ ಕೇಳಿ, ಬೇರೆ ಇನ್ಸುಲಿನ್ ಆಗುತ್ತದೆಯೇ ಎಂದು ಪಶುವೈದ್ಯರಲ್ಲಿ ಕೇಳಿ. ಸೂಜಿಯ ವಿಲೇವಾರಿಯಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ.

ಮಾಡಬೇಕಾದ ಕೆಲಸ ಸುಲಭ, ಖರ್ಚೂ ಇಲ್ಲ. ಸಂಡಾಸು ತೊಳೆಯುವ ದ್ರಾವಣದ ಅಥವಾ ಬಟ್ಟೆ ಒಗೆಯುವ ಲಿಕ್ವಿಡ್‌ನ ಖಾಲಿ ಡಬ್ಬಿ ಮನೆಯಲ್ಲಿ ಇದ್ದೇ ಇರುತ್ತದೆ. ಆ ಗಟ್ಟಿ ಪ್ಲಾಸ್ಟಿಕ್ ಸೂಜಿಗೆ ಜಗ್ಗುವುದಿಲ್ಲ, ಮುಚ್ಚಳವೂ ತಿರುಪಿನದ್ದು. ಸಿರಿಂಜ್ ಸಲೀಸಾಗಿ ಒಳಗೆ ಇಳಿಯುವಷ್ಟು ಬಾಯಿ ಇರುವುದನ್ನು ಆರಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ತುಳಿದರೆ ಸೂಜಿ ಹೊರಬರುತ್ತದೆ. ಗಾಜಿನ ಬಾಟಲಿ ಒಡೆಯುತ್ತದೆ. ಡಬ್ಬಿಯ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ 'ಸೂಜಿ ಇದೆ, ತೆರೆಯಬೇಡಿ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಓದು ಬಾರದವರಿಗಾಗಿ ಒಂದು ಸೂಜಿಯ ಚಿತ್ರ ಬರೆದು ಕೆಂಪು ಬಣ್ಣದಲ್ಲಿ ಅಡ್ಡ ಗೀಟು ಎಳೆಯಿರಿ.

ಇನ್ಸುಲಿನ್ ಕೊಡುವ ಜಾಗದಲ್ಲೇ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಡಬ್ಬಿ ಇರಲಿ. ಚುಚ್ಚಿದ ತಕ್ಷಣ ಸಿರಿಂಜ್ ಸೂಜಿಯ ತುದಿ ಕೆಳಗಾಗಿ ಒಳಗೆ ಬೀಳಬೇಕು. ಆಮೇಲೆ ಹಾಕೋಣವೆಂದು ಮೇಜಿನ ಮೇಲೆ ಇಟ್ಟರೆ ಅಲ್ಲೇ ಅನಾಹುತ. ರಮಝಾನಿನಲ್ಲಿ ಇದು ಇನ್ನೂ ಮುಖ್ಯ. ವೈದ್ಯರ ಸಲಹೆಯಂತೆ ಇನ್ಸುಲಿನ್ ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಸರಿದಿರುತ್ತದೆ, ಸಹರಿಯಲ್ಲಿ ನಿದ್ದೆಗಣ್ಣು, ಅವಸರ ಬೇರೆ. ದಸ್ತರ್‌ಖಾನಿನ ಪಕ್ಕ ಇಟ್ಟ ಸೂಜಿ ಅದನ್ನು ಮಡಿಚುವವರ ಕೈಗೆ ಚುಚ್ಚುತ್ತದೆ.

ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಹೆಚ್ಚಿನವರು ಚುಚ್ಚಿಸಿಕೊಳ್ಳುವುದು ಆಗಲೇ. ಕೈಯಿಂದ ಬಗ್ಗಿಸುವುದೂ ಮುರಿಯುವುದೂ ಬೇಡ. ಇನ್ಸುಲಿನ್ ಪೆನ್ ಬಳಸುವವರು ಸೂಜಿಯನ್ನು ಅದರ ದೊಡ್ಡ ಹೊರಮುಚ್ಚಳದ ಸಹಾಯದಿಂದ ತಿರುಗಿಸಿ ತೆಗೆದು ಡಬ್ಬಿಗೆ ಹಾಕಲಿ. ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪ್ ಸುತ್ತಿ. ಸುಡುವವರೂ ಇದ್ದಾರೆ. ಪ್ಲಾಸ್ಟಿಕ್ ಉರಿದು ವಿಷದ ಹೊಗೆ ಬರುತ್ತದೆ, ಸೂಜಿ ಬೂದಿಯಲ್ಲಿ ಹಾಗೇ ಉಳಿಯುತ್ತದೆ. ಹಿತ್ತಲಲ್ಲಿ ಹೂಳಿದ್ದು ಮುಂದೊಮ್ಮೆ ಗುದ್ದಲಿ ಹಿಡಿದವರ ಅಥವಾ ಬರಿಗಾಲಿನ ಮಕ್ಕಳ ಕಾಲಿಗೆ ಸಿಗುತ್ತದೆ. ಹೈದರಾಬಾದಿಗೋ ಉದಗೀರಿಗೋ ಹೋಗುವಾಗ ಒಂದು ಸಣ್ಣ ಗಟ್ಟಿ ಡಬ್ಬಿ ಜೊತೆಗಿರಲಿ. ಬಸ್ಸಿನ ಸೀಟಿನ ಸಂದಿ ಸೂಜಿ ಇಡುವ ಜಾಗವಲ್ಲ.

ತುಂಬಿದ ಡಬ್ಬಿಯನ್ನು ಎಲ್ಲಿಗೆ ಕೊಡಬೇಕು? ಕಷ್ಟದ ಪ್ರಶ್ನೆ ಇದೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಸೂಜಿ, ಸಿರಿಂಜ್‌ಗಳನ್ನು 'ಗೃಹ ಅಪಾಯಕಾರಿ ತ್ಯಾಜ್ಯ' ಎಂದು ಕರೆದು, ಹಸಿ ಒಣ ಎರಡರಲ್ಲೂ ಬೆರೆಸದೆ ಮೂರನೆಯದಾಗಿ ಬೇರೆ ಇಡಬೇಕೆಂದವು. ಇದಕ್ಕಾಗಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕೆಂದೂ ಹೇಳಿದವು. ನಿಮ್ಮ ವಾರ್ಡಿಗೆ ಆ ಕೇಂದ್ರ ಎಲ್ಲಿದೆ ಎಂದು ನಿಮ್ಮ ಸದಸ್ಯರನ್ನು ಕೇಳಿ. ಇಲ್ಲದಿದ್ದರೆ ಬೇಕೆಂದು ಜಮಾಅತಿನ ಪರವಾಗಿ ನಾಲ್ಕು ಸಾಲಿನ ಅರ್ಜಿ ಕೊಡಿ. ಚರಂಡಿ, ಬೀದಿದೀಪಕ್ಕೆ ಕೊಡುವ ನಾವು ಇದಕ್ಕೂ ಕೊಡಬಹುದು.

ಅಲ್ಲಿಯವರೆಗೆ ಆಸ್ಪತ್ರೆಗಳೇ ದಾರಿ. ಆಸ್ಪತ್ರೆಗಳು ತಮ್ಮ ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಪೆಟ್ಟಿಗೆಯಲ್ಲಿ ಹಾಕಿ ವೈದ್ಯಕೀಯ ತ್ಯಾಜ್ಯದ ವಾಹನಕ್ಕೆ ಕೊಡಬೇಕೆಂಬುದು ಕಾನೂನು. ಬೀದರ್ ನಗರದವರು ಬ್ರಿಮ್ಸ್ ಆಸ್ಪತ್ರೆಯಲ್ಲಿ, ಭಾಲ್ಕಿ ಮತ್ತು ಔರಾದಿನವರು ತಾಲೂಕು ಆಸ್ಪತ್ರೆಯಲ್ಲಿ ಅಥವಾ ನಿಮಗೆ ಇನ್ಸುಲಿನ್ ಬರೆದುಕೊಟ್ಟ ವೈದ್ಯರಲ್ಲಿ, ಡಬ್ಬಿ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿ. ಬೆಕ್ಕು ನಾಯಿ ಇರುವವರು ತಮ್ಮ ಪಶುವೈದ್ಯರನ್ನು ಅಥವಾ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಲಿ. ಒಂದು ಕೌಂಟರಿನಲ್ಲಿ ಬೇಡ ಎಂದರೆ ಇನ್ನೊಂದು ಕಡೆ ಕೇಳಿ, ಬೇಸರ ಬೇಡ. ಔರಾದಿನ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳುವುದು ಒಳ್ಳೆಯದು, ಲಸಿಕೆಯ ದಿನ ಉಪಕೇಂದ್ರದ ಸೂಜಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಆಕೆಗೆ ಗೊತ್ತು. ಯಾರೂ ತೆಗೆದುಕೊಳ್ಳದಿದ್ದರೆ ಟೇಪ್ ಸುತ್ತಿದ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕದೆ, ಪೌರಕಾರ್ಮಿಕರ ಅಥವಾ ಪಂಚಾಯಿತಿಯ ಸ್ವಚ್ಛ ವಾಹಿನಿಯ ಸಿಬ್ಬಂದಿಯ ಕೈಗೇ ಕೊಟ್ಟು, ಇದರಲ್ಲಿ ಸೂಜಿ ಇದೆ, ಬೇರೆ ಇಡಿ ಎಂದು ಬಾಯಿಬಿಟ್ಟು ಹೇಳಿ.

ನಮ್ಮ ಹಿಜಾಮದ ಬ್ಲೇಡುಗಳಿಗೂ ಇದೇ ಮಾತು. ಮನೆಗೆ ಬಂದು ಹಿಜಾಮ ಮಾಡುವವರು ಬ್ಲೇಡನ್ನು ಹತ್ತಿಯಲ್ಲಿ ಸುತ್ತಿ ನಿಮ್ಮ ಬುಟ್ಟಿಗೆ ಹಾಕಿ ಹೋಗಲು ಬಿಡಬೇಡಿ. ಗಟ್ಟಿ ಡಬ್ಬಿ ತಂದು ತಾವೇ ಕೊಂಡೊಯ್ಯುವವರನ್ನೇ ಕರೆಯಿರಿ. ಸೂಜಿ, ಬ್ಲೇಡಿನ ವಿಲೇವಾರಿ ಗೊತ್ತಿಲ್ಲದವರಿಗೆ ಹಿಜಾಮವೂ ಸರಿಯಾಗಿ ಗೊತ್ತಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟಾದರೂ ಯಾರಿಗಾದರೂ ಚುಚ್ಚಿದರೆ ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ. ಹಿಂಡಬೇಡಿ, ಬಾಯಿಂದ ಚೀಪಬೇಡಿ, ಸುಣ್ಣ ಅರಿಶಿನ ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಅದೇ ದಿನ, ಸಾಧ್ಯವಾದರೆ ಒಂದೆರಡು ಗಂಟೆಯೊಳಗೆ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಟನಸ್ ಚುಚ್ಚುಮದ್ದು ಮತ್ತು ಹೆಪಟೈಟಿಸ್ ಬಿ ಲಸಿಕೆ ಬೇಕೇ ಎಂದು ವೈದ್ಯರು ನೋಡುತ್ತಾರೆ. ಎಚ್‌ಐವಿ ತಡೆಯುವ ಮಾತ್ರೆ ಬೇಕೆನಿಸಿದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಆ ಅವಧಿ ಮೀರಿ ಹೋದವರಿಗೆ ಮಾತ್ರೆ ಕೊಡುವುದಿಲ್ಲ, ಆದರೂ ರಕ್ತಪರೀಕ್ಷೆಗಳನ್ನು ಬಿಡದೆ ಮಾಡಿಸಬೇಕು.