ಸರ್ಟಿಫಿಕೇಟ್ ಮೊದಲೋ, ಕೆಲಸ ಮೊದಲೋ?

ದ್ವಿತೀಯ ಪಿಯುಸಿ ಮುಗಿಯುತ್ತಾ ಬಂದಂತೆ ನಮ್ಮ ಕಾಮರ್ಸ್ ವಿಭಾಗದಲ್ಲಿ ಎರಡೇ ಪ್ರಶ್ನೆ. ಸಿ.ಎ. ಮಾಡ್ತೀಯಾ? ಇಲ್ಲದಿದ್ದರೆ ಐ.ಟಿ.ಗೆ ಹೋಗಬಹುದಾ? ಎರಡನೆಯದಕ್ಕೆ ವಿಜಯನಗರದ ಲೈಟ್ ಕಂಬಗಳಿಗೆ ಅಂಟಿಸಿದ ಚೀಟಿಗಳೂ ಉತ್ತರ ಹೇಳುತ್ತವೆ: ಮೂರು ತಿಂಗಳ ಕೋರ್ಸ್, ನೂರಕ್ಕೆ ನೂರು ಕೆಲಸ. ನನ್ನ ಖಾಲಾ ಅವರ ಮಗ, ನಾವೆಲ್ಲ ಭಾಯಿಜಾನ್ ಅನ್ನುವವರು, ಬಿ.ಕಾಂ. ಮುಗಿಸಿ ಅಂಥ ಒಂದು ಚೀಟಿ ನಂಬಿ ನಲವತ್ತು ಸಾವಿರ ಕಟ್ಟಿದರು. ಖಾಲಾ ತಮ್ಮ ಬಳೆ ಅಡವಿಟ್ಟು ಆ ದುಡ್ಡು ಕೊಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಆ ಸಂಸ್ಥೆಯವರೇ ಮುದ್ರಿಸಿದ ಒಂದು ಬಣ್ಣದ ಕಾಗದ. ಸಂದರ್ಶನಗಳಲ್ಲಿ ಅದನ್ನು ಯಾರೂ ಕೈಗೆ ತೆಗೆದುಕೊಂಡು ನೋಡಲಿಲ್ಲ. ನಮ್ಮಲ್ಲಿ ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಎಂದು ಅವರನ್ನೇ ಕೂರಿಸಿಕೊಂಡು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಬೇರೆ, ಪರೀಕ್ಷೆ ಪಾಸಾಗಿದ್ದಕ್ಕೆ ಸಿಗುವ ಸರ್ಟಿಫಿಕೇಷನ್ ಬೇರೆ. ಮೊದಲನೆಯದನ್ನು ಯಾವ ಟ್ಯೂಷನ್ ಸೆಂಟರ್ ಬೇಕಾದರೂ ಕೊಡಬಹುದು. ಎರಡನೆಯದನ್ನು ಸಿಸ್ಕೋ, ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಅಮೆಜಾನ್‌ನ ಎ.ಡಬ್ಲ್ಯು.ಎಸ್. ತರಹದ ಕಂಪನಿಗಳು ಅಥವಾ ಕಾಂಪ್‌ಟಿಯಾದಂಥ ಸಂಸ್ಥೆ ಕೊಡುತ್ತವೆ. ಎಲ್ಲಿ ಕಲಿತಿರಿ ಎಂದು ಅವರು ಕೇಳುವುದಿಲ್ಲ. ಮನೆಯಲ್ಲೇ ಓದಿ ನೇರವಾಗಿ ಪರೀಕ್ಷೆಗೆ ಕೂರಬಹುದು. ಅದು ಅಸಲಿಯೋ ನಕಲಿಯೋ ಎಂದು ಕೆಲಸ ಕೊಡುವವರು ಆನ್‌ಲೈನ್‌ನಲ್ಲೇ ನೋಡಿಬಿಡುತ್ತಾರೆ.

ದುಡ್ಡಿನ ವಿಷಯ ಬಿಡಿಸಿ ಹೇಳಬೇಕು. ನೆಟ್‌ವರ್ಕಿಂಗ್‌ಗೆ ಹೆಸರಾದ ಸಿಸ್ಕೋದ ಸಿ.ಸಿ.ಎನ್.ಎ. ಪರೀಕ್ಷೆಗೆ 300 ಡಾಲರ್. ತೆರಿಗೆ ಸೇರಿ ಸುಮಾರು ಮೂವತ್ತು ಸಾವಿರ ರೂಪಾಯಿ ಅಂದುಕೊಳ್ಳಿ. ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ಎ.ಡಬ್ಲ್ಯು.ಎಸ್.ನ ಕ್ಲೌಡ್ ಪ್ರಾಕ್ಟಿಷನರ್ 100 ಡಾಲರ್. ಕಾಂಪ್‌ಟಿಯಾದ ಎ ಪ್ಲಸ್ ಹೊಸಬರಿಗೆಂದೇ ಇರುವುದು, ಆದರೆ ಅದಕ್ಕೆ ಎರಡು ಪರೀಕ್ಷೆ, ಎರಡು ಸಲ ಶುಲ್ಕ. ಈ ಮೂರೂ ಮೂರು ವರ್ಷಕ್ಕೆ ಮುಗಿದುಹೋಗುತ್ತವೆ. ನಮ್ಮ ಮಾರ್ಕ್ಸ್ ಕಾರ್ಡ್‌ನಂತೆ ಟ್ರಂಕಿನಲ್ಲಿಟ್ಟು ಮರೆಯುವ ಹಾಗಿಲ್ಲ. ಮೈಕ್ರೋಸಾಫ್ಟ್‌ನ ಪ್ರಾರಂಭಿಕ ಹಂತದವು ಮಾತ್ರ ಅವಧಿ ಮುಗಿಯುವಂಥವಲ್ಲ. ಮುಂದಿನ ಹಂತದವನ್ನು ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಒಂದು ಉತ್ತರ ಆರಿಸುವುದೇ ಇಲ್ಲ. ಕಂಪ್ಯೂಟರ್ ಮುಂದೆ ಕೂರಿಸಿ ಕೆಲಸ ಮಾಡಿ ತೋರಿಸು ಅನ್ನುತ್ತಾರೆ.

ಕಲಿಯುವುದಕ್ಕೆ ಇಷ್ಟು ಖರ್ಚಿಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ ಪಾಠಗಳಿವೆ. ಅವರ ಪ್ಯಾಕೆಟ್ ಟ್ರೇಸರ್‌ನಲ್ಲಿ ರೌಟರು, ಸ್ವಿಚ್ಚು ಕೊಳ್ಳದೆಯೇ ಪರದೆಯ ಮೇಲೆ ನೆಟ್‌ವರ್ಕ್ ಕಟ್ಟಿ ನೋಡಬಹುದು. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ಸ್ವಯಂನಲ್ಲಿ ಐ.ಐ.ಟಿ. ಅಧ್ಯಾಪಕರ ಎನ್.ಪಿ.ಟಿ.ಇ.ಎಲ್. ಪಾಠಗಳಿಗೆ ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ 1000 ರೂಪಾಯಿ. ನಲವತ್ತು ಸಾವಿರ ಕೇಳಿದವರು ಕಲಿಸಿದ್ದಕ್ಕಿಂತ ಇಲ್ಲಿ ಹೆಚ್ಚಿದೆ ಎಂದು ಭಾಯಿಜಾನ್ ಈಗ ನಗುತ್ತಾ ಹೇಳುತ್ತಾರೆ. ಆಗ ನಗು ಬಂದಿರಲಿಲ್ಲ.

ಅವರಿಗೆ ಕೆಲಸ ಸಿಕ್ಕಿದ್ದು ಬೇರೆ ದಾರಿಯಿಂದ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿಯಲ್ಲಿ ಆರು ತಿಂಗಳು ದುಡಿದರು. ರ‍್ಯಾಮ್ ಬದಲಿಸುವುದು, ವಿಂಡೋಸ್ ಹಾಕುವುದು, ಗಿರಾಕಿಗಳ ಆಫೀಸಿಗೆ ಹೋಗಿ ಪ್ರಿಂಟರ್ ಜೋಡಿಸುವುದು. ಆಮೇಲೆ ಒಂದು ಕಂಪನಿಯ ಸಂದರ್ಶನದಲ್ಲಿ, ನೆಟ್‌ವರ್ಕ್ ಪ್ರಿಂಟರ್ ಕಾಣಿಸದಿದ್ದರೆ ಮೊದಲು ಏನು ನೋಡುತ್ತೀಯ ಎಂದು ಕೇಳಿದರಂತೆ. ಅದನ್ನು ಹಿಂದಿನ ವಾರವಷ್ಟೇ ಕೈಯಾರೆ ಸರಿಮಾಡಿ ಬಂದಿದ್ದರು.

ಆ ಕೆಲಸದ ಹೆಸರು ಸರ್ವಿಸ್ ಡೆಸ್ಕ್. ಐ.ಟಿ. ಅಂದರೆ ಕೋಡ್ ಬರೆಯುವುದೊಂದೇ ಎಂದು ನಾನೂ ತಿಳಿದಿದ್ದೆ. ಕಂಪನಿಯ ಯಾರದೋ ಪಾಸ್‌ವರ್ಡ್ ಲಾಕ್ ಆಗುತ್ತದೆ, ಯಾರದೋ ವಿ.ಪಿ.ಎನ್. ಸೇರುವುದಿಲ್ಲ. ಅವರ ದೂರು ಒಂದು ಟಿಕೆಟ್ ಆಗಿ ಬರುತ್ತದೆ. ಇಷ್ಟು ಗಂಟೆಯೊಳಗೆ ಬಗೆಹರಿಸಬೇಕು ಎಂಬ ಲೆಕ್ಕ ಇರುತ್ತದೆ. ಮೊದಲ ಸಾಲಿನವರಿಗೆ ಎಲ್ 1 ಅನ್ನುತ್ತಾರೆ, ಅವರ ಕೈಯಲ್ಲಿ ಆಗದ್ದು ಎಲ್ 2ಗೆ, ಇನ್ನೂ ಕಷ್ಟದ್ದು ಎಲ್ 3ಗೆ. ರಾತ್ರಿ ಪಾಳಿ ಇರುತ್ತದೆ, ಸಂಬಳ ಕಡಿಮೆ, ಎಷ್ಟೋ ಸಲ ಕೆಲಸ ಒಂದು ಕಂಪನಿಯಲ್ಲಿ, ಸಂಬಳದ ಚೀಟಿ ಇನ್ನೊಂದರದ್ದು. ಆದರೂ ಒಂದು ವರ್ಷ ಟಿಕೆಟ್ ನೋಡಿದವರಿಗೆ ಪುಸ್ತಕದ ಸಾಲುಗಳು ಬೇರೆ ರೀತಿ ಅರ್ಥವಾಗುತ್ತವೆ. ಭಾಯಿಜಾನ್ ಸಿ.ಸಿ.ಎನ್.ಎ. ಬರೆದದ್ದು ಆ ವರ್ಷದ ನಂತರ, ತಮ್ಮ ಸಂಬಳದಿಂದ. ಪಾಸಾದ ಮೇಲೆ ಎಲ್ 2ಗೆ ಹೋದರು. ಹಾಗಾಗಿ ನನ್ನ ಅಭಿಪ್ರಾಯ, ಉಚಿತವಾಗಿ ಕಲಿಯುವುದು ಈಗ, ಸಣ್ಣ ಕೆಲಸ ಆಮೇಲೆ, ಮೂವತ್ತು ಸಾವಿರದ ಪರೀಕ್ಷೆ ಅದರ ನಂತರ.

ಅನುಭವ ಬೇಕು ಎಂದಾಗ ಅದನ್ನೂ ಮಾರುವವರು ಹುಟ್ಟಿಕೊಂಡಿದ್ದಾರೆ. ಎರಡು ವರ್ಷ ಕೆಲಸ ಮಾಡಿದ್ದೀರಿ ಎಂದು ಸುಳ್ಳು ಪತ್ರ ಕೊಡುತ್ತಾರೆ. ದೊಡ್ಡ ಕಂಪನಿಗಳು ಸೇರಿಸಿಕೊಳ್ಳುವಾಗ ಹಿನ್ನೆಲೆ ಪರಿಶೀಲಿಸುತ್ತವೆ. ಪಿ.ಎಫ್. ಖಾತೆಯ ಯು.ಎ.ಎನ್. ಸಂಖ್ಯೆಯಲ್ಲಿ ಯಾವ ತಿಂಗಳು ಯಾವ ಕಂಪನಿ ಹಣ ಕಟ್ಟಿತು ಎಂಬುದೆಲ್ಲ ಇರುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಸೇರಿದ ಕೆಲಸವೂ ಹೋಗುತ್ತದೆ. ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಮಾರುವ ಡಂಪ್‌ಗಳ ಕಥೆಯೂ ಇದೇ. ಗೊತ್ತಾದರೆ ಸರ್ಟಿಫಿಕೇಷನ್ ರದ್ದು ಮಾಡುತ್ತಾರೆ. ಕಳ್ಳತನದ ದುಡಿಮೆ ಹಲಾಲ್ ಅಲ್ಲ ಎಂಬುದನ್ನು ನಮಗೆ ಬೇರೆ ಹೇಳಬೇಕಿಲ್ಲ.

ನಡುವೆ ಒಂದು ಸಣ್ಣ ಮಾತು, ನಮ್ಮ ತರಗತಿಗೆ ಬಹಳ ಬೇಕಾದದ್ದು. ಪರೀಕ್ಷೆಗೆ ನೋಂದಾಯಿಸುವ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಎಂ.ಡಿ., ಆಧಾರ್‌ನಲ್ಲಿ ಮೊಹಮ್ಮದ್, ಪ್ಯಾನ್‌ನಲ್ಲಿ ಮುಹಮ್ಮದ್ ಇರುವವರು ನಮ್ಮಲ್ಲಿ ಎಷ್ಟು ಮಂದಿ! ಈಗಲೇ ಸರಿಮಾಡಿಸಿಕೊಳ್ಳಿ. 18 ತುಂಬದವರಿಗೆ ಪರೀಕ್ಷೆಗೆ ಪೋಷಕರ ಒಪ್ಪಿಗೆಯೂ ಬೇಕು.

ಕಾಮರ್ಸ್ ಓದಿದವರು ಐ.ಟಿ.ಯಲ್ಲಿ ಹಿಂದೆ ಬೀಳುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಅಬ್ಬಾ ಅವರ ಅಂಗಡಿಯಲ್ಲಿ ದಿನಾ ತೆರೆಯುವ ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದು, ಶುರುವಾದದ್ದು 1986ರಲ್ಲಿ. ಕಾರ್ಖಾನೆಗಳಿಗೆ ಸಾಮಾನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕ ಇಡುವ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಅದನ್ನು ಬರೆದರು. ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಡೆಬಿಟ್, ಕ್ರೆಡಿಟ್, ಜಿ.ಎಸ್.ಟಿ. ಗೊತ್ತಿರುವವರು ಟ್ಯಾಲಿಯಿಂದ ಆರಂಭಿಸಿ, ದೊಡ್ಡ ಕಂಪನಿಗಳ ಲೆಕ್ಕ ನಡೆಯುವ ಎಸ್.ಎ.ಪಿ.ಯ ಹಣಕಾಸು ವಿಭಾಗಕ್ಕೆ, ಅಂದರೆ ಫೈಕೋಗೆ, ಹೋಗುವ ದಾರಿ ಇದೆ. ಅಲ್ಲಿ ಕೋಡ್‌ಗಿಂತ ಅಕೌಂಟೆನ್ಸಿ ಹೆಚ್ಚು ಬೇಕು.

ನಮಗೆ ನಿಜವಾಗಿ ಅಡ್ಡ ಬರುವುದು ಗಣಿತ. ಪಿಯುಸಿ ಮುಗಿದ ತಕ್ಷಣ ತರಬೇತಿ ಕೊಟ್ಟು ಸೇರಿಸಿಕೊಳ್ಳುವ ಎಚ್.ಸಿ.ಎಲ್. ಟೆಕ್‌ಬೀಯಲ್ಲಿ ಐ.ಟಿ. ಇಂಜಿನಿಯರ್ ಕೆಲಸಕ್ಕೆ ಗಣಿತ ಅಥವಾ ಬಿಸಿನೆಸ್ ಮ್ಯಾಥ್ಸ್ ಓದಿರಬೇಕು. ಕೆಲಸದ ಜೊತೆಗೆ ಎಂ.ಟೆಕ್. ಓದಿಸುವ ವಿಪ್ರೋದ ವಿಲ್ಪ್ ಯೋಜನೆ ಬಿ.ಸಿ.ಎ., ಬಿ.ಎಸ್ಸಿ. ಮಾಡಿದವರಿಗೆ. ನನ್ನ ಕಾಂಬಿನೇಷನ್ ಹಿಸ್ಟರಿ ಇರುವ ಎಚ್.ಇ.ಬಿ.ಎ., ನನಗೆ ಟೆಕ್‌ಬೀಯ ಆ ಬಾಗಿಲು ಮುಚ್ಚಿದೆ. ಮುಂದಿನ ವರ್ಷ ಸೇರುವ ತಮ್ಮ ತಂಗಿಯರು ಮನೆಯಲ್ಲಿದ್ದರೆ, ಅರ್ಜಿ ತುಂಬುವ ಮೊದಲೇ ಬೇಸಿಕ್ ಮ್ಯಾಥ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಬಗ್ಗೆ ಕಚೇರಿಯಲ್ಲಿ ವಿಚಾರಿಸಿ.