ಮಳೆಯ ದ್ವೀಪದಲ್ಲಿ ಸೂರಿನಡಿಯ ಸುತ್ತಾಟ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ಮಲಗಿರುವ ಲೂಯಿಸ್ ಮತ್ತು ಹ್ಯಾರಿಸ್ ದ್ವೀಪಕ್ಕೆ ಹೊರಡುವ ಪ್ರವಾಸಿಗರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳಿರುತ್ತವೆ. ಒಂದು, ಲಸ್ಕೆಂಟೈರ್‌ನ ಬಿಳಿ ಮರಳಿನ ಕಡಲತೀರ. ಇನ್ನೊಂದು, ಸುಮಾರು ಐದು ಸಾವಿರ ವರ್ಷಗಳಷ್ಟು ಹಳೆಯದಾದ ಕ್ಯಾಲನಿಷ್ ನಿಲಸುಗಲ್ಲುಗಳು. ಎರಡೂ ಬಯಲಿನಲ್ಲಿವೆ. ಎರಡನ್ನೂ ನೋಡಲು ಬಿಸಿಲು ಬೇಕೆಂಬುದು ಪ್ರವಾಸಿಯ ನಿರೀಕ್ಷೆ. ಬೆಳಗ್ಗೆ ಕಿಟಕಿ ತೆರೆದಾಗ ಮಳೆ ಅಡ್ಡಡ್ಡಲಾಗಿ ಬೀಸುತ್ತಿದ್ದರೆ, ಇಷ್ಟು ದೂರ ಬಂದದ್ದು ವ್ಯರ್ಥವಾಯಿತೆಂದು ಕೊಠಡಿಯಲ್ಲೇ ಕುಳಿತುಬಿಡುವವರು ಕಡಿಮೆಯಿಲ್ಲ.

ಅದು ತಪ್ಪು ಲೆಕ್ಕ. ಈ ದ್ವೀಪದ ಜನ ಶತಮಾನಗಳಿಂದ ಮಾಡಿಕೊಂಡು ಬಂದಿರುವ ಅತ್ಯುತ್ತಮ ಕೆಲಸಗಳೆಲ್ಲ ಸೂರಿನ ಕೆಳಗೇ ಇವೆ. ಅವು ಹುಟ್ಟಿದ್ದೂ ಬಹುಮಟ್ಟಿಗೆ ಮಳೆಯ ಕಾರಣದಿಂದಲೇ.

ಮೊದಲಿಗೆ ಮಳೆಯ ಸ್ವರೂಪವನ್ನು ಅರಿಯುವುದು ಒಳ್ಳೆಯದು. ಹೆಸರು ಎರಡಾದರೂ ಲೂಯಿಸ್ ಮತ್ತು ಹ್ಯಾರಿಸ್ ಒಂದೇ ನೆಲ. ಉತ್ತರದ ತಗ್ಗಾದ ಜೌಗು ಭಾಗ ಲೂಯಿಸ್, ದಕ್ಷಿಣದ ಗುಡ್ಡಗಾಡು ಹ್ಯಾರಿಸ್. ಮುಖ್ಯ ಪಟ್ಟಣವಾದ ಸ್ಟಾರ್ನೊವೇಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,200 ಮಿಲಿಮೀಟರ್. ಬೆಂಗಳೂರಿಗಿಂತ ತುಸು ಹೆಚ್ಚು, ಅಷ್ಟೆ. ಆಗುಂಬೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಆ ನೀರು ವರ್ಷದ ಅರ್ಧಕ್ಕೂ ಹೆಚ್ಚು ದಿನಗಳಿಗೆ ಚೂರುಚೂರಾಗಿ ಹಂಚಿಹೋಗಿದೆ. ಅಟ್ಲಾಂಟಿಕ್ ಮೇಲಿನಿಂದ ಒಂದರ ಹಿಂದೊಂದು ಬರುವ ವಾಯುಭಾರ ಕುಸಿತಗಳು ಮೋಡವನ್ನು ತರುತ್ತವೆ, ಅದೇ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ನಮ್ಮ ಮುಂಗಾರಿನಂತೆ ವಾರಗಟ್ಟಲೆ ಹಿಡಿದು ಸುರಿಯುವ ಜಡಿಮಳೆಗಿಂತ, ಅರ್ಧ ಗಂಟೆ ಸುರಿದು, ಹತ್ತು ನಿಮಿಷ ಬಿಸಿಲು ಚೆಲ್ಲಿ, ಮತ್ತೆ ಸುರಿಯುವ ಮಳೆಯೇ ಇಲ್ಲಿ ಹೆಚ್ಚು. ಆದುದರಿಂದ ಇಡೀ ದಿನದ ಕಾರ್ಯಕ್ರಮವನ್ನು ರದ್ದು ಮಾಡುವ ಬದಲು, ಸುರಿಯುವಾಗ ಒಳಗೆ, ಬಿಟ್ಟಾಗ ಹೊರಗೆ ಎಂಬಂತೆ ದಿನವನ್ನು ತುಂಡು ಮಾಡಿಕೊಳ್ಳುವುದು ಜಾಣತನ. ಕೊಡೆ ಮಾತ್ರ ನಿರುಪಯೋಗಿ. ಗಾಳಿಗೆ ಅದು ಮೊದಲ ತಿರುವಿನಲ್ಲೇ ಮಗುಚಿಕೊಳ್ಳುತ್ತದೆ.

ಹೊಗೆಯ ಮನೆ

ಲೂಯಿಸ್‌ನ ಪಶ್ಚಿಮ ತೀರದ ಆರ್ನಾಲ್ ಎಂಬ ಹಳ್ಳಿಯ 42ನೇ ಸಂಖ್ಯೆಯ ಮನೆ ಮಳೆಯ ದಿನಕ್ಕೆ ಹೇಳಿ ಮಾಡಿಸಿದ ತಾಣ. 'ಕಪ್ಪು ಮನೆ' ಎಂದು ಕರೆಯಲ್ಪಡುವ ಈ ಬಗೆಯ ಮನೆಗಳಿಗೆ ಗಾರೆಯಿಲ್ಲದೆ ಪೇರಿಸಿದ ಎರಡು ಕಲ್ಲುಗೋಡೆಗಳು. ಅವುಗಳ ನಡುವೆ ಮಣ್ಣು. ಮೇಲೆ ದಪ್ಪನೆಯ ಹುಲ್ಲಿನ ಮಾಡು. ಮನುಷ್ಯರೂ ದನಗಳೂ ಒಂದೇ ಸೂರಿನಡಿ ವಾಸ. ನಡುಮನೆಯ ನೆಲದ ಮೇಲೆ ಪೀಟ್ ಬೆಂಕಿ. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಒತ್ತಿಕೊಂಡ ಸಸ್ಯರಾಶಿಯೇ ಪೀಟ್. ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ ಉರಿಸುತ್ತಾರೆ. ಮರಗಳೇ ವಿರಳವಾದ ದ್ವೀಪಕ್ಕೆ ಇದೇ ಸೌದೆ.

ಈ ಮನೆಗೆ ಹೊಗೆಗೂಡು ಇಲ್ಲ. ಹೊಗೆ ಮಾಡಿನ ಹುಲ್ಲಿನೊಳಗಿಂದ ನಿಧಾನವಾಗಿ ಸೋಸಿ ಹೊರಹೋಗಬೇಕು. ಅನಾನುಕೂಲವೆಂದು ಕಂಡರೂ ಅದರ ಹಿಂದೆ ಲೆಕ್ಕಾಚಾರವಿತ್ತು. ಮಸಿ ಹಿಡಿದ ಹಳೆಯ ಹುಲ್ಲನ್ನು ಕೆಳಗಿಳಿಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಈ ಮನೆಯಲ್ಲಿ 1966ರವರೆಗೂ ಸಂಸಾರ ನಡೆದಿತ್ತು ಎಂಬುದು ಗಮನಾರ್ಹ. ಇಂದು ಸ್ಕಾಟ್ಲೆಂಡಿನ ಪರಂಪರೆ ಸಂರಕ್ಷಣಾ ಸಂಸ್ಥೆಯ ವಶದಲ್ಲಿದೆ. ಒಳಗೆ ಹೊಕ್ಕವರ ಬಟ್ಟೆಗೆ ಅಂಟುವ ಪೀಟ್ ಹೊಗೆಯ ವಾಸನೆ ಒಂದೆರಡು ದಿನ ಹೋಗದು. ಮಳೆಯಲ್ಲಿ ನೆನೆದು ಬಂದು ಆ ಒಲೆಯ ಮುಂದೆ ನಿಂತಾಗಲೇ ಅಷ್ಟು ದಪ್ಪ ಗೋಡೆ, ಅಷ್ಟು ಚಿಕ್ಕ ಕಿಟಕಿ ಏಕೆಂಬುದು ಅರ್ಥವಾಗುವುದು. ಬಿಸಿಲಿನ ದಿನ ಬಂದವರಿಗೆ ಅದು ಬರಿಯ ಕತ್ತಲೆ ಕೋಣೆ. ಅಲ್ಲಿಂದ ಕೆಲವು ಮೈಲಿ ದೂರದ ಗಾರೆನಿನ್‌ನಲ್ಲಿ ಇಂತಹ ಮನೆಗಳ ಇಡೀ ಕೇರಿಯನ್ನೇ ಸ್ಥಳೀಯರ ಟ್ರಸ್ಟ್ ಉಳಿಸಿಕೊಂಡಿದೆ. ಅಲ್ಲಿನ ಕೊನೆಯ ನಿವಾಸಿಗಳು ಮನೆ ಬಿಟ್ಟದ್ದು 1974ರಲ್ಲಿ.

ಕಾಯಿದೆ ಕಾಯುವ ಬಟ್ಟೆ

ರಸ್ತೆಯುದ್ದಕ್ಕೂ ಮನೆಗಳ ಪಕ್ಕದಲ್ಲಿ ತಗಡಿನ ಮಾಡಿನ ಕೊಟ್ಟಿಗೆಗಳು ಕಾಣುತ್ತವೆ. ಕಾರು ನಿಲ್ಲಿಸಿ ಕಿವಿಗೊಟ್ಟರೆ ಕೆಲವುಗಳಿಂದ ಮಗ್ಗದ ಸದ್ದು ಕೇಳಿಬರುತ್ತದೆ. ಜಗತ್ತಿಗೆಲ್ಲ ಹೋಗುವ ಹ್ಯಾರಿಸ್ ಟ್ವೀಡ್ ತಯಾರಾಗುವುದು ಇಂತಹ ಕೊಟ್ಟಿಗೆಗಳಲ್ಲೇ. ಬೇರೆಡೆ ತಯಾರಾದರೆ ಅದಕ್ಕೆ ಆ ಹೆಸರಿಡುವಂತಿಲ್ಲ. ಬ್ರಿಟಿಷ್ ಸಂಸತ್ತು 1993ರಲ್ಲಿ ಅಂಗೀಕರಿಸಿದ ಹ್ಯಾರಿಸ್ ಟ್ವೀಡ್ ಕಾಯಿದೆಯ ಪ್ರಕಾರ, ಶುದ್ಧ ಹೊಸ ಉಣ್ಣೆಗೆ ಬಣ್ಣ ಕಟ್ಟಿ ನೂಲುವುದೂ ಕೊನೆಯ ಹದ ಮಾಡುವುದೂ ಈ ದ್ವೀಪಸಮೂಹದಲ್ಲೇ ಆಗಬೇಕು. ನೇಯ್ಗೆಯನ್ನಂತೂ ದ್ವೀಪವಾಸಿಗಳು ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ಮಾಡಬೇಕು. ನೂಲುವ ಕೆಲಸ ಗಿರಣಿಯಲ್ಲಿ ನಡೆಯುತ್ತದೆ. ಅಲ್ಲಿಂದ ಹಾಸಿನ ನೂಲು ಸುತ್ತಿದ ದಿಂಡು ನೇಕಾರನ ಮನೆಗೆ ಬರುತ್ತದೆ. ನೇಯ್ದ ಬಟ್ಟೆ ಎಣ್ಣೆ ಜಿಡ್ಡಿನೊಡನೆ ಗಿರಣಿಗೆ ಮರಳಿ, ತೊಳೆದು ಹದವಾದ ಮೇಲೆ ತಪಾಸಣೆಗೊಳಗಾಗಿ ಗೋಳ ಮತ್ತು ಶಿಲುಬೆಯ ಮುದ್ರೆ ಪಡೆಯುತ್ತದೆ.

ಮಗ್ಗಕ್ಕೆ ವಿದ್ಯುತ್ ಮೋಟಾರು ಇಲ್ಲ. ಹಳೆಯ ಹ್ಯಾಟರ್ಸ್ಲಿ ಮಗ್ಗವಿರಲಿ, 1990ರ ದಶಕದಲ್ಲಿ ಬಂದ ಇಮ್ಮಡಿ ಅಗಲದ ಮಗ್ಗವಿರಲಿ, ಅದನ್ನು ನಡೆಸುವುದು ನೇಕಾರನ ಕಾಲು. ಹೊಸ ಮಗ್ಗವಂತೂ ನೋಡಲು ಸೈಕಲ್ ತುಳಿದಂತೆಯೇ. ನೂಲನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಅಚ್ಚರಿ: ಕಂದು ಎಂದುಕೊಂಡ ಎಳೆಯಲ್ಲಿ ಹಳದಿ, ನೇರಳೆ, ಹಸಿರಿನ ಕಣಗಳಿರುತ್ತವೆ. ನೂತ ಮೇಲೆ ಬಣ್ಣ ಹಾಕದೆ, ಮೊದಲೇ ಬಣ್ಣ ಕಟ್ಟಿದ ಉಣ್ಣೆಗಳನ್ನು ಬೆರೆಸಿ ನೂಲುವುದೇ ಇದಕ್ಕೆ ಕಾರಣ. ಹೊರಗಿನ ಬೆಟ್ಟದ ಬಣ್ಣವೂ ಮಳೆಯಲ್ಲಿ ಹೀಗೆಯೇ ಇರುತ್ತದೆ.

ಗಿರಣಿಗಳು ಬರುವ ಮೊದಲು ಹೊಸ ಬಟ್ಟೆಯನ್ನು ಹೆಂಗಸರು ಹಲಗೆಯ ಸುತ್ತ ಕುಳಿತು ಕುಕ್ಕಿ ಹದಮಾಡುತ್ತಿದ್ದರು. ಸಂಗ್ರಹಿಸಿಟ್ಟ ಮೂತ್ರವೇ ಆಗಿನ ಸೋಪು. ಕುಕ್ಕುವ ಲಯಕ್ಕೆ ಒಬ್ಬಳು ಗೇಲಿಕ್ ಪದ ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ನಮ್ಮ ಬೀಸುವ ಪದಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೀಸುವ ಕಲ್ಲಿನ ಹಾಡು ಹಿಟ್ಟಿನ ಗಿರಣಿಗೆ ಸೋತಂತೆ ಈ ಹಾಡುಗಳೂ ದುಡಿಮೆಯಿಂದ ಕಳಚಿಕೊಂಡು ವೇದಿಕೆಗೂ ಧ್ವನಿಮುದ್ರಣಕ್ಕೂ ಸರಿದಿವೆ. ಭಾಷೆಯ ಸ್ಥಿತಿಯೂ ಆತಂಕಕಾರಿ. ಗೇಲಿಕ್‌ನ ಕೊನೆಯ ಕೋಟೆಯೆನಿಸಿದ ಈ ದ್ವೀಪಸಮೂಹದಲ್ಲೂ 2022ರ ಜನಗಣತಿಯಲ್ಲಿ ಅದನ್ನು ಆಡಬಲ್ಲವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿದೆ. ನಾಮಫಲಕಗಳಲ್ಲಿ ಗೇಲಿಕ್ ಮೊದಲು, ಇಂಗ್ಲಿಷ್ ಅನಂತರ. ಅಂಗಡಿಯ ಮಾತುಕತೆಯಲ್ಲಿ ಹಲವು ಬಾರಿ ಇದು ತಿರುವುಮುರುವು. ನೇಕಾರನ ಬಾಗಿಲಲ್ಲಿ ಫಲಕವಿದ್ದರೆ ಒಳಗೆ ಹೋಗಿ ನೋಡಬಹುದು. ಅದು ಆತನ ದುಡಿಯುವ ಜಾಗ, ಪ್ರದರ್ಶನವಲ್ಲ ಎಂಬುದು ನೆನಪಿರಲಿ. ಮೀಟರ್ ಬಟ್ಟೆಯನ್ನಲ್ಲದಿದ್ದರೂ ಒಂದು ಪುಟ್ಟ ಪರ್ಸನ್ನಾದರೂ ಕೊಂಡು ಬರುವುದು ಮರ್ಯಾದೆ.

ಸ್ಟಾರ್ನೊವೇಯ ಕೋಟೆಮನೆ

ಮಳೆ ಬಿಡುವ ಲಕ್ಷಣವೇ ಇಲ್ಲದ ದಿನ ಸ್ಟಾರ್ನೊವೇ ಬಂದರಿನ ಎದುರಿನ ಲೂಸ್ ಕ್ಯಾಸಲ್ ಸೇರುವುದು ಕ್ಷೇಮ. ಹೆಸರಿಗೆ ಕೋಟೆ, ವಾಸ್ತವದಲ್ಲಿ 19ನೇ ಶತಮಾನದ ಶ್ರೀಮಂತನ ಬಂಗಲೆ. ಕಟ್ಟಿಸಿದಾತ ಜೇಮ್ಸ್ ಮ್ಯಾಥೆಸನ್. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಸಾಗಿಸಿ ಗಳಿಸಿದ ಹಣದಿಂದ ಆತ 1844ರಲ್ಲಿ ಲೂಯಿಸ್ ದ್ವೀಪವನ್ನೇ ಕೊಂಡುಕೊಂಡ. ಆಲೂಗಡ್ಡೆ ಬೆಳೆ ನಾಶವಾಗಿ ಕ್ಷಾಮ ಬಂದಾಗ ಜನರಿಗೆ ಹಿಟ್ಟು ಹಂಚಿದ್ದೂ ಹೌದು, ಬಳಿಕ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳುಹಿಸಿದ್ದೂ ಹೌದು.

ಇದಕ್ಕೆ ಹೊಂದಿಕೊಂಡು 2016ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಲೂಯಿಸ್ ಚದುರಂಗದ 6 ಕಾಯಿಗಳಿವೆ. 1831ರ ಸುಮಾರಿಗೆ ದ್ವೀಪದ ಊಗ್ ಎಂಬಲ್ಲಿನ ಮರಳಿನಲ್ಲಿ ಸಿಕ್ಕ ಈ ಕಾಯಿಗಳು 12ನೇ ಶತಮಾನದವು. ವಾಲ್‌ರಸ್ ಎಂಬ ಕಡಲಪ್ರಾಣಿಯ ಕೋರೆಹಲ್ಲಿನಲ್ಲಿ, ಬಹುಶಃ ನಾರ್ವೆಯಲ್ಲಿ ಕೆತ್ತಿದವು. ಸಿಕ್ಕ 93 ವಸ್ತುಗಳಲ್ಲಿ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಪಾಲಾದವು, 11 ಎಡಿನ್‌ಬರೋದಲ್ಲಿವೆ. ಊರಿಗೆ ಮರಳಿದ ಈ ಆರೂ ದೀರ್ಘಾವಧಿ ಎರವಲು ಮಾತ್ರ. ಭಾರತದಿಂದ ಹೊರಟ ಆಟ ಅಷ್ಟು ದೂರ ನಡೆಯುವಷ್ಟರಲ್ಲಿ ವೇಷ ಬದಲಿಸಿತ್ತು. ನಮ್ಮ ಮೂಲೆಯ ಆನೆಯ ಮನೆಯಲ್ಲಿ ಅಲ್ಲೊಬ್ಬ ಕಾವಲುಭಟ, ಒಂಟೆಯ ಮನೆಯಲ್ಲಿ ಕಿರೀಟ ತೊಟ್ಟ ಕ್ರೈಸ್ತ ಬಿಷಪ್. ಕಳೆದುಹೋಗಿದ್ದ ಕಾವಲುಭಟನೊಬ್ಬ 1964ರಲ್ಲಿ 5 ಪೌಂಡಿಗೆ ಮಾರಾಟವಾಗಿ, ಕೊಂಡವರ ಮನೆಯ ಡ್ರಾಯರಿನಲ್ಲಿ ದಶಕಗಟ್ಟಲೆ ಬಿದ್ದಿದ್ದು, 2019ರ ಹರಾಜಿನಲ್ಲಿ 7,35,000 ಪೌಂಡು ತಂದಿತು.

ಕನ್ನಡಿಗ ಪ್ರವಾಸಿಗೆ ಈ ಊರಿನಲ್ಲಿ ಇನ್ನೊಂದು ಎಳೆಯಿದೆ. ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಸ್ಟಾರ್ನೊವೇಯಲ್ಲಿ. ಇದೇ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸದಲ್ಲಿದ್ದ ಆತ 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಲು ಮದರಾಸಿಗೆ ಹೊರಟ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದವನೂ, 1799ರಲ್ಲಿ ಹಂಪಿಯ ಅವಶೇಷಗಳ ನಕ್ಷೆ ಮಾಡಿಸಿದವನೂ ಈತನೇ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಯುದ್ಧ ಗೆದ್ದ ಕಂಪನಿಗೆ ನಕ್ಷೆ ಬೇಕಿತ್ತು. ಮೆಕೆಂಜಿಗೆ ಅದರ ಜೊತೆಗೆ ಊರೂರಿನ ಕಥೆಯೂ ಬೇಕಿತ್ತು. ಊರಿನ ಹಿರಿಯರು, ಶಾನುಭೋಗರು, ಮಠ ದೇವಸ್ಥಾನಗಳವರು ಹೇಳಿದ ವೃತ್ತಾಂತಗಳನ್ನು ಬರೆಸಿಕೊಂಡ. ಅವೇ ಕೈಫಿಯತ್ತುಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕರ್ನಾಟಕದ ಕೈಫಿಯತ್ತುಗಳ ಸಂಪುಟವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು.

ಮೆಕೆಂಜಿಗೆ ಭಾರತೀಯ ಭಾಷೆಗಳ ಪರಿಚಯ ಅಷ್ಟಕ್ಕಷ್ಟೆ. ಕೆಲಸ ನಡೆದದ್ದು ಕಾವಲಿ ಸಹೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರ ವಿದ್ವತ್ತಿನಿಂದ. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ, ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟನಿದ್ದಾನೆ. ಮೆಕೆಂಜಿ ಮತ್ತೆ ತನ್ನೂರನ್ನು ಕಾಣಲಿಲ್ಲ. 1821ರಲ್ಲಿ ಬಂಗಾಳದಲ್ಲಿ ತೀರಿಕೊಂಡ. 2017ರಲ್ಲಿ ಸ್ಟಾರ್ನೊವೇಯಲ್ಲಿ ಆತನ ಸಂಗ್ರಹದ ಪ್ರದರ್ಶನ ನಡೆದಾಗ, ಊರಿನ ಮಗನಿಗಿಂತ ಹೆಚ್ಚಾಗಿ ದಕ್ಷಿಣ ಭಾರತದ ಊರುಗಳೇ ಅಲ್ಲಿಗೆ ಬಂದಂತಾಗಿತ್ತು.

ಹ್ಯಾರಿಸ್ ಕಡೆಗೆ ಹೋಗುವವರಿಗೆ ಎರಡು ತಾಣಗಳನ್ನು ಹೇಳಬಹುದು. ಟಾರ್ಬರ್ಟ್‌ನಲ್ಲಿ 2015ರಲ್ಲಿ ಆರಂಭವಾದ ಡಿಸ್ಟಿಲರಿ ಒಂದು. ಕುಡಿಯದವರೂ ತಾಮ್ರದ ಭಟ್ಟಿಗಳನ್ನು ನೋಡಿ ಬರಬಹುದು. ತೀರ ದಕ್ಷಿಣದ ರೋಡೆಲ್‌ನ ಸೇಂಟ್ ಕ್ಲೆಮೆಂಟ್ ಚರ್ಚು ಇನ್ನೊಂದು. ಅಲ್ಲಿ ಕುಲನಾಯಕ ಅಲಾಸ್ಡೇರ್ ಮ್ಯಾಕ್ಲಾಯ್ಡ್ 1528ರಲ್ಲಿ, ತಾನು ಬದುಕಿರುವಾಗಲೇ, ಸಿದ್ಧಪಡಿಸಿಕೊಂಡ ಗೋರಿಯಿದೆ. ಹಾಯಿ ದೋಣಿ, ಬೇಟೆ, ಕೋಟೆಗಳ ಕೆತ್ತನೆ ನಮ್ಮ ವೀರಗಲ್ಲುಗಳನ್ನು ನೋಡಿ ಪಳಗಿದ ಕಣ್ಣಿಗೆ ಬೇಗ ಆಪ್ತವಾಗುತ್ತದೆ.

ಭಾನುವಾರ ಮಾತ್ರ ಎಚ್ಚರ

ಮೇಲೆ ಹೇಳಿದ್ದರಲ್ಲಿ ಹೆಚ್ಚಿನವು ಭಾನುವಾರ ಮುಚ್ಚಿರುತ್ತವೆ. ಪ್ರೆಸ್ಬಿಟೇರಿಯನ್ ಪಂಥದ ಕಟ್ಟುನಿಟ್ಟಿನ ಈ ನೆಲದಲ್ಲಿ ಭಾನುವಾರ ವಿಶ್ರಾಂತಿಯ ದಿನ. ವಿಮಾನ ಹಾರಿದ್ದು 2002ರಲ್ಲಿ, ಸ್ಟಾರ್ನೊವೇಗೆ ಹಡಗಿನ ಭಾನುವಾರದ ಸೇವೆ ಶುರುವಾದದ್ದು 2009ರಲ್ಲಿ, ಪಟ್ಟಣದ ದೊಡ್ಡ ಸೂಪರ್ ಮಾರ್ಕೆಟ್ ಬಾಗಿಲು ತೆರೆದದ್ದು 2024ರ ನವೆಂಬರಿನಲ್ಲಿ. ಪ್ರತಿಯೊಂದಕ್ಕೂ ಪ್ರತಿಭಟನೆ ನಡೆದಿತ್ತು. ಬಸ್ಸುಗಳು ಓಡುವುದಿಲ್ಲ. ಪೆಟ್ರೋಲನ್ನೂ ಊಟದ ಸಾಮಗ್ರಿಯನ್ನೂ ಶನಿವಾರವೇ ಹೊಂದಿಸಿಕೊಳ್ಳಬೇಕು.

ಹಾಗೆಂದು ಆ ದಿನ ಬರಿದಲ್ಲ. ಗೇಲಿಕ್ ಆರಾಧನೆಯಿರುವ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಹೊರಗಿನವರಿಗೆ ಅಡ್ಡಿಯಿಲ್ಲ. ಅಲ್ಲಿ ವಾದ್ಯವಿಲ್ಲ. ಮುಂದಾಳು ಕೀರ್ತನೆಯ ಸಾಲನ್ನು ಎತ್ತಿಕೊಡುತ್ತಾನೆ. ಸಭೆ ಅದನ್ನು ಹಿಡಿದು ಪ್ರತಿಯೊಬ್ಬರೂ ತಮ್ಮದೇ ಗಮಕ ಸೇರಿಸಿ ಹಾಡುತ್ತಾರೆ. ಒಂದೇ ರಾಗ ನೂರು ಕಂಠಗಳಲ್ಲಿ ಹಿಂದುಮುಂದಾಗಿ ಅಲೆಯಂತೆ ಏಳುತ್ತದೆ. ಅರ್ಥ ತಿಳಿಯದಿದ್ದರೂ ಕೇಳತಕ್ಕದ್ದು.

ಜಲನಿರೋಧಕ ಜಾಕೆಟ್ಟು, ಪ್ಯಾಂಟು ಹಾಗೂ ಬೂಟು ಅತ್ಯಗತ್ಯ. ಜುಲೈನಲ್ಲೂ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 16 ಡಿಗ್ರಿಯಷ್ಟೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಕಡಿಮೆ. ಉಲ್ಲಾಪೂಲ್‌ನಿಂದ ಸ್ಟಾರ್ನೊವೇಗೆ ಹಡಗಿನಲ್ಲಿ ಎರಡೂವರೆ ಗಂಟೆಯ ಮೇಲಾಗುತ್ತದೆ. ಬೇಸಿಗೆಯಲ್ಲಿ ಕಾರಿಗೆ ಜಾಗ ಬೇಕಿದ್ದರೆ ವಾರಗಳ ಮೊದಲೇ ಕಾದಿರಿಸಬೇಕು. ಮಳೆಗೆ ಹಡಗು ನಿಲ್ಲದು, ಬಿರುಗಾಳಿಗೆ ನಿಲ್ಲುತ್ತದೆ. ಹಾಗಾಗಿ ಮರಳುವ ಅಂತರರಾಷ್ಟ್ರೀಯ ವಿಮಾನಕ್ಕೂ ದ್ವೀಪ ಬಿಡುವ ದಿನಕ್ಕೂ ನಡುವೆ ಒಂದು ದಿನವನ್ನಾದರೂ ಖಾಲಿ ಬಿಟ್ಟುಕೊಳ್ಳುವುದು ಒಳಿತು.