ಮಳೆಗಾಲದ ಕಡಲತೀರದಲ್ಲಿ ನಾಲ್ಕು ದಿನ



ಸಮುದ್ರತೀರ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಿಳಿ ಮರಳು, ನೀಲಿ ನೀರು, ತೆಂಗಿನ ಮರಗಳ ಸಾಲು, ಅಲ್ಲವೇ? ಡಿಸೆಂಬರ್ ತಿಂಗಳಲ್ಲಿ ಗೋಕರ್ಣಕ್ಕೋ ಕಾರವಾರಕ್ಕೋ ಹೋದರೆ ಈ ಚಿತ್ರ ಸಿಗುತ್ತದೆ. ಅದೇ ಜಾಗಕ್ಕೆ ಜುಲೈನಲ್ಲಿ ಹೋಗಿ ನೋಡಿ, ಬೇರೊಂದು ಲೋಕ ಕಾಣುತ್ತದೆ.

2023ರ ಜುಲೈನಲ್ಲಿ ಒಂದು ಕಾರ್ಯಕ್ರಮದ ಬರವಣಿಗೆ ಮುಗಿಸಲೆಂದು ಗೋಕರ್ಣದ ಕುಡ್ಲೆ ಬೀಚಿಗೆ ನಾನೊಬ್ಬನೇ ಹೋಗಿದ್ದೆ. ವಸತಿಗೃಹದಲ್ಲಿ ಹತ್ತು ಕೋಣೆ, ಅತಿಥಿ ನಾನೊಬ್ಬ. ಉಳಿದ ಕೋಣೆಗಳ ಬಾಗಿಲಿಗೆ ತಾಡಪಾಲು ಕಟ್ಟಿದ್ದರು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ, ಒಣಮೀನು. ತಾಜಾ ಮೀನು ಕೇಳಿದ್ದಕ್ಕೆ ಅಡುಗೆಯಾತ ನಕ್ಕುಬಿಟ್ಟ: "ಬೋಟು ಎಲ್ಲಾ ಬಂದರಿನಲ್ಲಿ ಮಲಗಿವೆ ಸಾರ್!"

ಅವನ ಮಾತು ನಿಜ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಇದಕ್ಕೆ ಎರಡು ಕಾರಣ. ಮೊದಲನೆಯದು, ಕಡಲು ಅಪಾಯಕಾರಿಯಾಗಿರುತ್ತದೆ. ಎರಡನೆಯದು, ಅನೇಕ ಮೀನುಗಳಿಗೆ ಇದು ಮೊಟ್ಟೆಯಿಡುವ ಕಾಲ. ಮಳೆಗಾಲದ ಗಾಳಿ ಕರಾವಳಿಯ ಮೇಲುನೀರನ್ನು ಹೊರಕಡಲಿಗೆ ಸರಿಸುತ್ತದೆ. ಅದರ ಸ್ಥಾನಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶಗಳು ತುಂಬಿದ ನೀರು ಮೇಲೇಳುತ್ತದೆ. ಅದರಲ್ಲಿ ಸೂಕ್ಷ್ಮ ಸಸ್ಯಜೀವಿಗಳು ಹುಲುಸಾಗಿ ಬೆಳೆಯುತ್ತವೆ. ತಾರ್ಲೆ, ಬಂಗುಡೆಗಳಿಗೆ ಅದೇ ಹಬ್ಬದೂಟ. ನಾವು 'ಸೀಸನ್ ಇಲ್ಲ' ಎನ್ನುವ ತಿಂಗಳುಗಳೇ ಸಮುದ್ರಕ್ಕೆ ದುಡಿಮೆಯ ತಿಂಗಳುಗಳು.

ಎರಡನೆಯ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ತೀರಕ್ಕಿಳಿದೆ. ಬೇಸಿಗೆಯಲ್ಲಿ ಚೆಂಡಾಟ ಆಡುವಷ್ಟು ಅಗಲವಾಗಿರುವ ಮರಳು ಈಗ ಕಿರಿದಾದ ಪಟ್ಟಿಯಾಗಿತ್ತು. ಮರಳು ಎಲ್ಲಿ ಹೋಯಿತು? ಮಳೆಗಾಲದ ಎತ್ತರದ ಅಲೆಗಳು ಅದನ್ನು ಕೊರೆದು ಒಯ್ದು, ತೀರದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬಗಳಾಗಿ ಗುಡ್ಡೆ ಹಾಕಿರುತ್ತವೆ. ಮಳೆಗಾಲ ಕಳೆದ ಮೇಲೆ ಸೌಮ್ಯವಾದ ಅಲೆಗಳು ಅದರ ಬಹುಪಾಲನ್ನು ಮತ್ತೆ ದಡಕ್ಕೆ ತಂದು ಹರಡುತ್ತವೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆಂಬುದನ್ನು ನೆನಪಿಡಿ. ಎತ್ತರ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1,025 ಕಿಲೋಗ್ರಾಂ. ಈ ಎರಡು ಅಂಕಿಗಳಿದ್ದರೆ ಕಡಲ್ಕೊರೆತ ಏಕೆ ಆಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಎಲ್ಲೆಡೆ ಬಿಳಿ ನೊರೆ ಎಬ್ಬಿಸುತ್ತ ಅಲೆಗಳು ಒಡೆಯುತ್ತಿದ್ದವು. ಆದರೆ ಬಂಡೆಗಳ ಪಕ್ಕ ಒಂದು ಕಡೆ ಮಾತ್ರ, ಸುಮಾರು ಹದಿನೈದು ಮೀಟರ್ ಅಗಲಕ್ಕೆ, ನೀರು ಶಾಂತವಾಗಿತ್ತು. ಅಲೆ ಒಡೆಯುತ್ತಿರಲಿಲ್ಲ. ಮೊಣಕಾಲುದ್ದಕ್ಕೆ ಇಳಿಯಲು ಇದೇ ಸರಿಯಾದ ಜಾಗವೆಂದು ಚಪ್ಪಲಿ ಬಿಟ್ಟೆ. ಹಿಂದಿನಿಂದ ಕೂಗು ಕೇಳಿಸಿತು. ಬಲೆ ಸರಿಮಾಡುತ್ತ ಕುಳಿತಿದ್ದ ಅಜ್ಜನೊಬ್ಬ ಕೈಬೀಸಿ ಕರೆಯುತ್ತಿದ್ದ.

"ಅಲ್ಲಿ ಇಳಿಬೇಡಿ ಸಾರ್. ನೀರು ಸುಮ್ಮನೆ ಇದ್ದ ಹಾಗೆ ಕಾಣ್ತದೆ, ಒಳಗೆ ಎಳೀತದೆ."

ನನ್ನ ಮುಖದ ಮೇಲಿನ ಅನುಮಾನ ಅವನಿಗೆ ತಿಳಿದಿರಬೇಕು. ಎದ್ದು ಬಂದು, ಒಣಗಿದ ತೆಂಗಿನಕಾಯಿಯ ಸಿಪ್ಪೆಯೊಂದನ್ನು ಬಂಡೆಯ ಮೇಲಿಂದ ಆ ಶಾಂತ ನೀರಿಗೆ ಎಸೆದ. ಅದು ದಡಕ್ಕೆ ಬರಲಿಲ್ಲ. ನೇರವಾಗಿ ಕಡಲಿನತ್ತ ಹೊರಟಿತು. ನಾನು ಗಡಿಯಾರ ನೋಡಿಕೊಂಡೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಅದು ನೊರೆಯ ಸಾಲನ್ನು ದಾಟಿತ್ತು. ಬಿ.ಎಸ್ಸಿ.ಯಲ್ಲಿ ಭೌತವಿಜ್ಞಾನ ಓದಿ, ಅಲೆಗಳ ಸಮೀಕರಣ ಬರೆದು ಅಂಕ ಗಳಿಸಿದವನು ನಾನು! ನನ್ನ ಕಾಲು ಆಗಲೂ ನೀರಿನಂಚಿನಲ್ಲೇ ಇತ್ತು. ಸದ್ದಿಲ್ಲದೆ ಹಿಂದೆ ಸರಿದೆ.

ಆ ಶಾಂತ ನೀರಿನ ರಹಸ್ಯವೇನು? 'ಅಲೆಯಲ್ಲಿ ಮುಂದೆ ಸಾಗುವುದು ಶಕ್ತಿ, ನೀರಲ್ಲ' ಎಂದು ನಾವು ಪುಸ್ತಕದಲ್ಲಿ ಓದಿರುತ್ತೇವೆ. ಆಳವಾದ ಕಡಲಿನ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಸರಿ. ದಡದ ಬಳಿ ಅಲೆ ಒಡೆದಾಗ ಮಾತ್ರ ನೀರೇ ಮುನ್ನುಗ್ಗುತ್ತದೆ. ಮರಳದಿಬ್ಬವನ್ನು ದಾಟಿ ಒಳಬಂದ ನೀರು ದಡದಲ್ಲಿ ಶೇಖರವಾಗುತ್ತದೆ. ಅದು ಹಿಂದಿರುಗಬೇಕಷ್ಟೆ? ದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿಗೆ, ಇಲ್ಲವೇ ಬಂಡೆಯ ಪಕ್ಕಕ್ಕೆ ಸರಿದು, ಕಿರಿದಾದ ಕಾಲುವೆಯಂತೆ ರಭಸದಿಂದ ಹೊರಕ್ಕೆ ಹರಿಯುತ್ತದೆ. ಇದಕ್ಕೆ ರಿಪ್ ಪ್ರವಾಹ ಎಂದು ಹೆಸರು. ನಾವು ಇದನ್ನು ಸೆಳೆವು ಎನ್ನೋಣ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಸೆಳೆವು ಹರಿಯುವ ಜಾಗ ಅಕ್ಕಪಕ್ಕಕ್ಕಿಂತ ಆಳ. ಆದ್ದರಿಂದ ಅಲ್ಲಿ ಅಲೆ ಸುಲಭವಾಗಿ ಒಡೆಯುವುದಿಲ್ಲ. ಹೀಗಾಗಿ ಅತ್ಯಂತ ಅಪಾಯದ ಜಾಗವೇ ಅತ್ಯಂತ ಶಾಂತವಾಗಿ ಕಾಣುತ್ತದೆ.

ಜೋರಾದ ಸೆಳೆವಿನ ವೇಗ ಸೆಕೆಂಡಿಗೆ 2 ಮೀಟರನ್ನೂ ಮೀರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ 100 ಮೀಟರನ್ನು 46.40 ಸೆಕೆಂಡುಗಳಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಭಾಗಿಸಿ ನೋಡಿ: ಸೆಕೆಂಡಿಗೆ ಸುಮಾರು 2.15 ಮೀಟರ್. ಅಂಥವರೂ ಇಂಥ ಸೆಳೆವಿಗೆ ಎದುರಾಗಿ ಈಜಿದರೆ ಇದ್ದಲ್ಲೇ ಇರಬೇಕಾದೀತು. ಇನ್ನು ಊರ ಕೆರೆಯಲ್ಲಿ ಈಜು ಕಲಿತ ನಮ್ಮ ಪಾಡೇನು?

ಆದರೆ ಒಂದು ಸಮಾಧಾನದ ಸಂಗತಿಯಿದೆ. ಸೆಳೆವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಾಮಾನ್ಯವಾಗಿ ಅಲೆ ಒಡೆಯುವ ಸಾಲನ್ನು ದಾಟಿದ ಮೇಲೆ ಅದರ ಬಲ ಕುಂದುತ್ತದೆ. ಬಹುಪಾಲು ಜನ ಮುಳುಗುವುದು ಗಾಬರಿಯಲ್ಲಿ ಅದಕ್ಕೆ ಎದುರಾಗಿ ಈಜಿ ಸುಸ್ತಾಗುವುದರಿಂದ. ಸಿಕ್ಕಿಬಿದ್ದರೆ ಮೊದಲು ತೇಲಿಕೊಂಡಿರಿ, ಕೈಯೆತ್ತಿ ಸಹಾಯಕ್ಕೆ ಕೂಗಿ. ಈಜು ಬರುತ್ತಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆವಿನ ಪಟ್ಟಿಯಿಂದ ಹೊರಬಂದ ಮೇಲೆ ದಡದತ್ತ ತಿರುಗಿ. ದಡದಲ್ಲಿರುವವರು ಗೆಳೆಯನನ್ನು ಉಳಿಸಲೆಂದು ನೀರಿಗೆ ಹಾರಬಾರದು. ಹಾಗೆ ಹಾರಿದವರೂ ಜೀವ ಕಳೆದುಕೊಂಡ ಉದಾಹರಣೆಗಳಿವೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು, ತೇಲುವ ಏನಾದರೂ ಎಸೆಯಿರಿ. ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಇದು ಮಳೆಗಾಲದ ಪಾಠ ಮಾತ್ರವೆಂದು ತಿಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ಕಂಡಾಗ ಆಗುವ ಸಂಭ್ರಮ ನನಗೆ ಗೊತ್ತು. ನಾನೂ ಆ ಕಡೆಯವನೇ. ಆ ಸಂಭ್ರಮದ ಜೊತೆಗೆ ಈ ಎರಡು ಮಾತನ್ನೂ ಯಾರಾದರೂ ಹೇಳಿ ಕಳಿಸಬೇಕು ಎನ್ನಿಸಿದ್ದರಿಂದಲೇ ಇಷ್ಟು ಬರೆದೆ.

ಉಳಿದ ಎರಡು ದಿನ ನಾನು ನೀರಿಗಿಳಿಯಲಿಲ್ಲ. ಜಗಲಿಯಲ್ಲಿ ಕುಳಿತು ನೋಡಿದೆ. ಉತ್ತರದ ಗಂಗಾವಳಿ, ದಕ್ಷಿಣದ ಅಘನಾಶಿನಿ ಘಟ್ಟದ ಮಣ್ಣನ್ನು ಹೊತ್ತು ತಂದು ಕಡಲನ್ನು ಕೆಂಪಗೆ ಮಾಡಿದ್ದವು. ಆ ಶಾಂತ ಪಟ್ಟಿ ಇದ್ದಲ್ಲೇ ಇತ್ತು, ನೊರೆಯನ್ನು ಹೊರಕ್ಕೆ ಒಯ್ಯುತ್ತಲೇ ಇತ್ತು. ಒಮ್ಮೆ ಕಂಡ ಮೇಲೆ ಅದನ್ನು ಗುರುತಿಸುವುದು ಕಷ್ಟವಲ್ಲ.

ಮುಂದಿನ ಪ್ರವಾಸದಲ್ಲಿ ನೀವೂ ಹೀಗೆ ಮಾಡಿ. ನೀರಿಗಿಳಿಯುವ ಮೊದಲು ಎತ್ತರದ ಜಾಗದಲ್ಲಿ ಹತ್ತು ನಿಮಿಷ ನಿಂತು ಅಲೆಗಳನ್ನು ಗಮನಿಸಿ. ನೊರೆಯ ಸಾಲು ಎಲ್ಲಿ ತುಂಡಾಗಿದೆ? ನೀರಿನ ಬಣ್ಣ ಎಲ್ಲಿ ಬೇರೆಯಾಗಿದೆ? ಆಮೇಲೆ ಅಲ್ಲಿಯ ಮೀನುಗಾರರನ್ನು ಕೇಳಿ. ಅವರು ಬೇಡವೆಂದರೆ ಬೇಡ. ನೀವು ಕಂಡದ್ದನ್ನು ಚಿತ್ರ ಬರೆದು ನಮ್ಮ ಕಾರ್ಯಕ್ರಮದ ವಿಳಾಸಕ್ಕೆ ಕಳುಹಿಸಿದರೆ ಸಂತೋಷದಿಂದ ನೋಡುತ್ತೇವೆ.